ಮುಂಬಯಿಯ ಸಂಬಳ, ಪುಣೆಯ ಬಾಡಿಗೆ: ಲೆಕ್ಕ ಹಾಕುವುದು ಹೇಗೆ?

ಮುಂಬಯಿಯ ಕನ್ನಡಿಗರು ಪುಣೆಯವರನ್ನು ಕಂಡರೆ ‘ನಿಮಗೇನು, ಆರಾಮದ ಊರು’ ಎನ್ನುತ್ತಾರೆ. ಪುಣೆಯವರು ಮುಂಬಯಿಯವರನ್ನು ಕಂಡರೆ ‘ನಿಮಗೇನು, ದೊಡ್ಡ ಸಂಬಳ’ ಎನ್ನುತ್ತಾರೆ. ಮದುವೆಮನೆಗಳಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಐಟಿ ಕೆಲಸಕ್ಕೆ ಸೇರಿದ ಮೊದಲ ಏಳು ವರ್ಷ ನಾನು ಮುಂಬಯಿಯಲ್ಲಿದ್ದೆ, ಈಗ ಎಂಟು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಹೀಗಾಗಿ ಎರಡೂ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಯಾವ ಊರಿನಲ್ಲಿ ಕೈಯಲ್ಲಿ ದುಡ್ಡು ಉಳಿಯುತ್ತದೆ?’

ಎರಡು ನಗರಗಳ ನಡುವೆ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್ ದೂರ. 2002ರಲ್ಲಿ ಪೂರ್ಣವಾಗಿ ತೆರೆದ ಎಕ್ಸ್‌ಪ್ರೆಸ್ ಹೆದ್ದಾರಿ ಈ ದೂರವನ್ನು ಮೂರು ಗಂಟೆಯ ಮಾತಾಗಿಸಿದೆ. ರಾಜ್ಯ ಒಂದೇ. ವರ್ಷಕ್ಕೆ 2,500 ರೂಪಾಯಿಯ ವೃತ್ತಿ ತೆರಿಗೆಯೂ ಒಂದೇ. ಅಕ್ಕಿ, ಬೇಳೆ, ಎಣ್ಣೆ, ಪೆಟ್ರೋಲಿನ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹಾಗಿದ್ದೂ ಒಂದೇ ಸಂಬಳದವರು ಒಂದು ಊರಿನಲ್ಲಿ ತಿಂಗಳ ಕೊನೆಗೆ ಉಳಿಸುತ್ತಾರೆ, ಇನ್ನೊಂದು ಊರಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಇದಕ್ಕೆ ಕಾರಣ ತರಕಾರಿಯ ಬೆಲೆಯಲ್ಲ. ಮನೆ, ಓಡಾಟ, ಮತ್ತು ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬ ಮೂರು ಸಂಗತಿಗಳು.

ಮುಂಬಯಿ ಬೆಳೆದದ್ದು ಉದ್ದಕ್ಕೆ, ಪುಣೆ ಬೆಳೆದದ್ದು ಸುತ್ತಲೂ

ಮುಂಬಯಿಯ ಬಾಡಿಗೆ ಅರ್ಥವಾಗಬೇಕಾದರೆ ನಕ್ಷೆ ನೋಡಬೇಕು. ಮೂರು ಕಡೆ ನೀರು. ಊರು ಬೆಳೆಯಲು ಇದ್ದ ದಾರಿ ಉತ್ತರಕ್ಕೆ ಮಾತ್ರ. 1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಹೋದ ಕಡೆಗೇ ಊರೂ ಹೋಯಿತು. ಪಶ್ಚಿಮ ಮಾರ್ಗದಲ್ಲಿ ವಿರಾರ್, ಮಧ್ಯ ಮಾರ್ಗದಲ್ಲಿ ಡೊಂಬಿವಲಿ, ಕಲ್ಯಾಣ ಎಂದು ಮನೆಗಳು ದೂರ ದೂರಕ್ಕೆ ಸರಿದವು, ಕಚೇರಿಗಳು ಬಹುಪಾಲು ದಕ್ಷಿಣದಲ್ಲೇ ಉಳಿದವು. ಆಮೇಲೆ ಅಂಧೇರಿ, ಪೊವಾಯಿ, ಬಾಂದ್ರಾ-ಕುರ್ಲಾ ಸಂಕೀರ್ಣಗಳಿಗೆ ಕೆಲಸ ಬಂತು, ಅಲ್ಲಿನ ಬಾಡಿಗೆಯೂ ಅದರ ಜೊತೆಗೇ ಏರಿತು. ಮುಂಬಯಿಯಲ್ಲಿ ಬಾಡಿಗೆ ಎಂದರೆ ಕಚೇರಿಗೆ ಎಷ್ಟು ಹತ್ತಿರ ಇರುತ್ತೀರಿ ಎಂಬುದಕ್ಕೆ ಕೊಡುವ ಹಣ.

ಪುಣೆಗೆ ಸಮುದ್ರದ ಅಡ್ಡಿಯಿಲ್ಲ. ಪಿಂಪ್ರಿ, ಆಕುರ್ಡಿ, ಚಾಕಣದಲ್ಲಿ ಕಾರ್ಖಾನೆಗಳು, ಹಿಂಜವಡಿ, ಖರಾಡಿ, ಮಗರಪಟ್ಟಾದಲ್ಲಿ ಐಟಿ ಪಾರ್ಕುಗಳು, ಹೀಗೆ ಕೆಲಸ ಒಂದೊಂದು ದಿಕ್ಕಿಗೆ ಹಂಚಿಹೋಗಿದೆ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳನ್ನು ಪುಣೆ ಪಾಲಿಕೆಗೆ ಸೇರಿಸಿದರು. ಜಾಗ ಇದ್ದುದರಿಂದ ಫ್ಲ್ಯಾಟ್ ಅಗ್ಗವಾಯಿತು. ಆದರೆ ಮುಂಬಯಿಯಲ್ಲಿ ರೈಲು ಮೊದಲು ಬಂದು ಮನೆಗಳು ಆಮೇಲೆ ಬಂದರೆ, ಇಲ್ಲಿ ಮನೆಗಳು ಮೊದಲು ಬಂದವು. ಮೆಟ್ರೊ ಓಡಲು ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಪ್ರತಿ ಮನೆಯಲ್ಲೂ ಎರಡು ಸ್ಕೂಟರ್, ಒಂದು ಕಾರು ನಿಂತಿದ್ದವು.

ಆದ್ದರಿಂದ ಮುಂಬಯಿಯಲ್ಲಿ ಹಣ ಬಾಡಿಗೆಗೆ ಹೋಗುತ್ತದೆ, ಪುಣೆಯಲ್ಲಿ ಗಾಡಿಗೆ ಹೋಗುತ್ತದೆ. ಮುಂಬಯಿ ಲೋಕಲ್‌ನಲ್ಲಿ ಎರಡನೇ ದರ್ಜೆಯ ಕನಿಷ್ಠ ಟಿಕೆಟ್ 5 ರೂಪಾಯಿ, ತಿಂಗಳ ಪಾಸ್ ಕೆಲವೇ ನೂರು ರೂಪಾಯಿ. ಪುಣೆಯಲ್ಲಿ 2025ರ ಜೂನ್‌ನಲ್ಲಿ ಸಿಟಿ ಬಸ್ಸಿನ ತಿಂಗಳ ಪಾಸ್ 900ರಿಂದ 1,500 ರೂಪಾಯಿಗೆ ಏರಿತು. ಆದರೂ ಬಸ್ಸಿನಲ್ಲಿ ಹೋಗುವವರಿಗೆ ಅದು ಉಳಿತಾಯವೇ. ಬಹಳಷ್ಟು ಜನ ಬಸ್ಸಿಗೆ ಕಾಯದೆ ಗಾಡಿ ಕೊಳ್ಳುತ್ತಾರೆ, ಅಲ್ಲಿಗೆ ಕಂತು, ವಿಮೆ, ಪೆಟ್ರೋಲ್, ಸರ್ವಿಸಿಂಗ್ ಎಂದು ಖರ್ಚು ಶುರು. ಇದನ್ನು ಯಾರೂ ‘ಪುಣೆಯಲ್ಲಿ ಇರುವುದಕ್ಕೆ ಕೊಡುವ ಬಾಡಿಗೆ’ ಎಂದು ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಬೇಕು.

ಸರ್ಕಾರದ ಲೆಕ್ಕದಲ್ಲಿ ಈ ಎರಡು ಊರು

ಸರ್ಕಾರಿ ನಿಯಮಗಳೇ ಈ ಎರಡು ಊರುಗಳನ್ನು ಎರಡು ರೀತಿ ನೋಡಿವೆ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಯಲ್ಲಿ ಮುಂಬಯಿ, ಪುಣೆ ಎರಡೂ ‘ಎಕ್ಸ್’ ವರ್ಗದ ನಗರಗಳು. 2024ರ ಜನವರಿಯಿಂದ ಎರಡೂ ಕಡೆ ಮೂಲ ವೇತನದ ಶೇ. 30 ಭತ್ಯೆ ಸಿಗುತ್ತಿದೆ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ ಕಾಲದ ನಿಯಮದಲ್ಲಿ ಬಾಡಿಗೆ ವಿನಾಯಿತಿಯ ಮಿತಿ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಸಂಬಳದ ಶೇ. 50, ಪುಣೆ, ಬೆಂಗಳೂರು, ಹೈದರಾಬಾದ್ ಸೇರಿದಂತೆ ಉಳಿದೆಲ್ಲ ಕಡೆ ಶೇ. 40 ಇತ್ತು. ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಅಂದರೆ ಅಂಧೇರಿಯಲ್ಲಿ ಎಷ್ಟೇ ಬಾಡಿಗೆ ಕೊಟ್ಟರೂ ತೆರಿಗೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ಸರ್ಕಾರಿ ಕ್ವಾರ್ಟರ್ಸ್ ಸಿಗದವರಿಗೆ ಇದರಿಂದ ಉತ್ತರ ನೇರವಾಗಿ ಸಿಗುತ್ತದೆ. ಸಂಬಳ ಅಷ್ಟೇ, ಭತ್ಯೆ ಅಷ್ಟೇ, ಬಾಡಿಗೆ ಮಾತ್ರ ಕಡಿಮೆ. ಪುಣೆಗೆ ವರ್ಗವಾದರೆ ಅವರಿಗೆ ಲಾಭ. ಕ್ವಾರ್ಟರ್ಸ್ ಸಿಕ್ಕಿದವರಿಗೆ ಮುಂಬಯಿಯ ಅತಿ ದೊಡ್ಡ ಖರ್ಚೇ ಇಲ್ಲ, ಅವರು ಎಲ್ಲಿದ್ದರೂ ಸರಿ.

ಖಾಸಗಿಯವರ ಕಥೆ ಬೇರೆ. ಬ್ಯಾಂಕು, ಷೇರುಪೇಟೆ, ವಿಮೆ, ಜಾಹೀರಾತು, ಸಿನಿಮಾ ಕ್ಷೇತ್ರಗಳ ದೊಡ್ಡ ಹುದ್ದೆಗಳು ಮುಂಬಯಿಯಲ್ಲಿವೆ. ರಿಸರ್ವ್ ಬ್ಯಾಂಕು, ಸೆಬಿ, ಎರಡು ಷೇರು ವಿನಿಮಯ ಕೇಂದ್ರಗಳು ಅಲ್ಲೇ ಇರುವುದರಿಂದ ಆ ಸುತ್ತಿನ ಕೆಲಸಕ್ಕೆ ಅಲ್ಲಿ ಬೆಲೆ ಹೆಚ್ಚು. ಅದೇ ಐಟಿ ಸೇವಾ ಕಂಪನಿಗಳಲ್ಲಿ ನಾನು ಕಂಡಂತೆ ಒಂದೇ ಹುದ್ದೆಗೆ ಎರಡೂ ಊರಿನಲ್ಲಿ ಹೆಚ್ಚುಕಡಿಮೆ ಒಂದೇ ಸಂಬಳ. ಹಾಗಾಗಿ ಯಾರಾದರೂ ‘ಮುಂಬಯಿಯಲ್ಲಿ ಸಂಬಳ ಜಾಸ್ತಿ’ ಎಂದರೆ ಯಾವ ಕ್ಷೇತ್ರದಲ್ಲಿ ಎಂದು ಮೊದಲು ಕೇಳಿ.

ಆರು ಲಕ್ಷ ಎಲ್ಲಿಗೆ ಹೋಯಿತು?

ಕಳೆದ ವರ್ಷ ನನ್ನ ಕಾಕಾನ ಮಗನಿಗೆ ಮುಂಬಯಿಯ ಒಂದು ಹಣಕಾಸು ಕಂಪನಿಯಿಂದ ಕರೆ ಬಂತು. ಪುಣೆಯ ವಾಕಡ್‌ನಲ್ಲಿ ಅವನ ವಾಸ, ವರ್ಷಕ್ಕೆ 20 ಲಕ್ಷ ಸಂಬಳ. ಅಲ್ಲಿ 26 ಲಕ್ಷ ಕೊಡುವವರಿದ್ದರು. ಫೋನಿನಲ್ಲಿ ಹೇಳಿದ: ‘ಅಣ್ಣಾ, ಆರು ಲಕ್ಷ ಜಾಸ್ತಿ ಕೊಡತಾರ. ಇದರಾಗ ವಿಚಾರ ಮಾಡೋದು ಏನೈತಿ?’

ಭಾನುವಾರ ಅವನ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಮೊದಲು ತೆರಿಗೆ. 2025-26ರ ಹೊಸ ಪದ್ಧತಿಯ ಪ್ರಕಾರ 75,000 ರೂಪಾಯಿ ಪ್ರಮಾಣಿತ ಕಡಿತ ತೆಗೆದರೆ, 20 ಲಕ್ಷದ ಸಂಬಳಕ್ಕೆ ಸೆಸ್ ಸೇರಿ ತೆರಿಗೆ 1,92,400 ರೂಪಾಯಿ. 26 ಲಕ್ಷಕ್ಕೆ 3,51,000 ರೂಪಾಯಿ. ಹೆಚ್ಚಿಗೆ ಬರುವ ಆರು ಲಕ್ಷದಲ್ಲಿ 1,58,600 ತೆರಿಗೆಗೆ ಹೋಯಿತು. ಉಳಿದದ್ದು 4,41,400, ಅಂದರೆ ತಿಂಗಳಿಗೆ ಸುಮಾರು 36,800. ಪಿ.ಎಫ್. ಕಡಿತವನ್ನು ಎರಡೂ ಕಡೆ ಲೆಕ್ಕದಿಂದ ಹೊರಗಿಟ್ಟೆವು, ಅದು ಹೇಗೂ ನಮ್ಮದೇ ಹಣ. ‘ತಿಂಗಳಿಗೆ ಐವತ್ತು ಸಾವಿರ ಜಾಸ್ತಿ’ ಎಂದು ಅವನ ತಲೆಯಲ್ಲಿದ್ದ ಅಂಕಿ ಮೊದಲ ಸಾಲಿನಲ್ಲೇ ಕುಗ್ಗಿತು.

ಆಮೇಲೆ ಮನೆ. ವಾಕಡ್‌ನ ಎರಡು ಬೆಡ್‌ರೂಮಿನ ಮನೆಗೆ ಅವನು ಕೊಡುತ್ತಿದ್ದುದು 32,000. ಕಚೇರಿಗೆ ಹತ್ತಿರವೆಂದು ಅಂಧೇರಿಯಲ್ಲಿ ನೋಡಿದ ಅಂಥದೇ ಮನೆಗೆ 68,000 ಕೇಳಿದರು. ಅಂತರ 36,000. ಸಂಬಳದ ಹೆಚ್ಚಳದಲ್ಲಿ ತಿಂಗಳಿಗೆ 800 ರೂಪಾಯಿ ಉಳಿಯಿತು. ಮೇಲೆ ಡಿಪಾಸಿಟ್, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಹನ್ನೊಂದು ತಿಂಗಳಿಗೊಮ್ಮೆ ಕರಾರು ನವೀಕರಣ.

ಠಾಣೆಯಲ್ಲಿ 44,000ಕ್ಕೆ ಮನೆ ಇತ್ತು. ಬಾಡಿಗೆಯ ಅಂತರ 12,000. ಮಗುವಿನ ಶಾಲೆ, ಕೆಲಸದ ಬಾಯಿ, ವಿದ್ಯುತ್ ಎಲ್ಲ ಸೇರಿ 6,000 ಹೆಚ್ಚಾಗಬಹುದೆಂದು ಹಿಡಿದೆವು. ಮುಂಬಯಿಯ ಸೆಖೆಗೆ ಎ.ಸಿ. ಓಡುವ ತಿಂಗಳುಗಳು ಪುಣೆಗಿಂತ ಜಾಸ್ತಿ. ಸ್ಕೂಟರ್ ಮಾರಿ, ಕಾರು ಕಡಿಮೆ ಓಡಿಸಿದರೆ 4,000 ಉಳಿತಾಯ. ಕೂಡಿ ಕಳೆದಾಗ ತಿಂಗಳಿಗೆ 22,800 ಕೈಯಲ್ಲಿ ನಿಂತಿತು. ತಮ್ಮನ ಮುಖ ಮತ್ತೆ ಅರಳಿತು.

ಅಷ್ಟು ಹೊತ್ತು ಚಹಾ ಕೊಟ್ಟು ಸುಮ್ಮನೆ ಕೂತಿದ್ದ ಅವನ ಹೆಂಡತಿ ಹಾಳೆಯನ್ನು ಎತ್ತಿಕೊಂಡು ನೋಡಿದಳು. ‘ಭಾವಾರ, ಇದರಾಗ ನನ್ನ ಪಗಾರ ಎಲ್ಲೈತಿ?’ ಎಂದಳು.

ಅವಳು ಪುಣೆಯ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕಿ. ಕೈಗೆ ಬರುವ ಸಂಬಳ 34,000. ಊರು ಬಿಟ್ಟರೆ ಆ ಕೆಲಸ ಹೋಗುತ್ತದೆ. ತಮ್ಮ ಮಾಡಿಕೊಂಡು ಬಂದಿದ್ದ ಎಕ್ಸೆಲ್ ಹಾಳೆಯಲ್ಲಿ ಬಾಡಿಗೆಗೆ ಸಾಲಿತ್ತು, ಪೆಟ್ರೋಲಿಗೆ ಸಾಲಿತ್ತು, ಹಾಲಿಗೂ ಸಾಲಿತ್ತು, ಅದಕ್ಕೆ ಇರಲಿಲ್ಲ. 22,800ರಲ್ಲಿ 34,000 ಕಳೆದರೆ ಸಂಸಾರಕ್ಕೆ ತಿಂಗಳಿಗೆ 11,200 ಖೋತಾ. ಗಂಡನಿಗೆ ಆರು ಲಕ್ಷದ ಬಡ್ತಿ, ಮನೆಗೆ ವರ್ಷಕ್ಕೆ ಒಂದು ಲಕ್ಷದ ಮೂವತ್ನಾಲ್ಕು ಸಾವಿರ ನಷ್ಟ!

ನಮ್ಮ ಮನೆಗಳಲ್ಲಿ ಊರು ಬದಲಿಸುವ ಮಾತು ಬಂದಾಗ ಇದು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ಗಂಡನ ಸಂಬಳ ‘ಆದಾಯ’, ಹೆಂಡತಿಯದು ‘ಅಲ್ಲೂ ಏನಾದರೂ ಸಿಕ್ಕೀತು’. ಎಷ್ಟೋ ಸಲ ಸಿಗುವುದಿಲ್ಲ, ಅಥವಾ ಒಂದೆರಡು ವರ್ಷ ತಡವಾಗಿ, ಕಡಿಮೆ ಸಂಬಳಕ್ಕೆ ಸಿಗುತ್ತದೆ. ಅಷ್ಟರಲ್ಲಿ ಅವಳ ಅನುಭವದ ಸಾಲು ಮುರಿದಿರುತ್ತದೆ. ಖರ್ಚಿನ ಪಟ್ಟಿ ಎಷ್ಟೇ ಚೆನ್ನಾಗಿ ಮಾಡಿದರೂ ಈ ಸಾಲು ಬಿಟ್ಟುಹೋದರೆ ಉತ್ತರ ತಪ್ಪು ಬರುತ್ತದೆ.

ಅವರು ಮುಂಬಯಿಗೆ ಹೋದರು, ಆದರೆ ಕ್ರಮ ಬದಲಿಸಿ. ಮೊದಲು ಅವಳು ಠಾಣೆಯ ಶಾಲೆಗಳಿಗೆ ಅರ್ಜಿ ಹಾಕಿದಳು. ಶಾಲೆಗಳು ಹೊಸಬರನ್ನು ತೆಗೆದುಕೊಳ್ಳುವುದು ಜೂನ್‌ಗೆ ಮುಂಚಿನ ಎರಡು ಮೂರು ತಿಂಗಳಲ್ಲಿ. ಇವನು ಮೂರು ತಿಂಗಳ ನೋಟಿಸ್ ಅವಧಿಯನ್ನು ಅದಕ್ಕೆ ಹೊಂದಿಸಿ ಸೇರುವ ದಿನಾಂಕ ಕೇಳಿಕೊಂಡ. ಅವಳಿಗೆ 38,000ದ ಕೆಲಸ ಸಿಕ್ಕ ಮೇಲೆ ಸಾಮಾನು ಕಟ್ಟಿದರು. ಈಗ ಲೆಕ್ಕ 26,800 ಲಾಭದಲ್ಲಿದೆ. ಊರು ಅದೇ, ಸಂಬಳ ಅದೇ, ಬಾಡಿಗೆ ಅದೇ. ಬದಲಾದದ್ದು ಯಾರ ಕೆಲಸ ಮೊದಲು ಖಾತ್ರಿಯಾಗಬೇಕು ಎಂಬುದು ಮಾತ್ರ.

ಗಂಟೆಗಳಿಗೂ ಒಂದು ಕಾಲಂ ಇರಲಿ

ಈ ಲಾಭಕ್ಕೆ ತಮ್ಮ ಕೊಡುತ್ತಿರುವುದು ಸಮಯ. ಠಾಣೆಯಿಂದ ಕಚೇರಿಗೆ ಮನೆ ಬಾಗಿಲಿಂದ ಬಾಗಿಲಿಗೆ ಒಂದೂವರೆ ಗಂಟೆ. ಹೋಗಿ ಬರಲು ಮೂರು. ತಿಂಗಳಿಗೆ 22 ದಿನವಾದರೆ 66 ಗಂಟೆ, ಅಂದರೆ ಎಂಟು ಗಂಟೆಯ ಎಂಟು ಕೆಲಸದ ದಿನಗಳು. ಪುಣೆಯಲ್ಲಿ ಇದೆಲ್ಲ ಇಲ್ಲವೆನ್ನಬೇಡಿ. ಹಿಂಜವಡಿಯ ದಾರಿಯಲ್ಲಿ ಮಳೆಗಾಲದ ಸಂಜೆ ಹತ್ತು ಕಿಲೋಮೀಟರಿಗೆ ಒಂದು ಗಂಟೆ ನಾನೇ ಕೂತಿದ್ದೇನೆ. ಮುಂಬಯಿಯ ಮೂರು ಗಂಟೆಯಲ್ಲಿ ಸೀಟು ಸಿಕ್ಕರೆ ಓದಬಹುದು, ನಿದ್ದೆ ಮಾಡಬಹುದು. ಪುಣೆಯ ಒಂದು ಗಂಟೆಯಲ್ಲಿ ಕ್ಲಚ್ಚು ಬ್ರೇಕು ಒತ್ತುತ್ತಿರಬೇಕು.

ಮನೆ ಪುಣೆಯಲ್ಲಿ, ಕೆಲಸ ಮುಂಬಯಿಯಲ್ಲಿ ಎಂದು ನಡೆಸುವವರೂ ಇದ್ದಾರೆ. 1930ರ ಜೂನ್‌ನಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಬೆಳಿಗ್ಗೆ ಪುಣೆ ಬಿಟ್ಟು ಕಚೇರಿ ಹೊತ್ತಿಗೆ ಮುಂಬಯಿ ತಲುಪಿಸಿ ಸಂಜೆ ವಾಪಸು ತರುತ್ತದೆ, ಅದರ ಪಾಸ್‌ದಾರರದ್ದೇ ಒಂದು ಸಂಸಾರ. ದಿನವೂ ಆರೂವರೆ ಗಂಟೆ ರೈಲಿನಲ್ಲಿ ಕಳೆಯುವುದು ಎಲ್ಲರ ಮೈಗೂ ಒಗ್ಗದು. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಬನ್ನಿ ಎನ್ನುವ ಕಂಪನಿಯಾದರೆ ಇದು ಎರಡೂ ಊರಿನ ಒಳ್ಳೆಯದನ್ನು ಕೊಡುತ್ತದೆ. ಕಾರಿನಲ್ಲಿ ಹೋಗುವ ಯೋಚನೆ ಬೇಡ. 2023ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿಯ ಟೋಲ್ ಕಾರಿಗೆ ಒಂದು ದಿಕ್ಕಿಗೇ 320 ರೂಪಾಯಿ ಆಯಿತು, ಪೆಟ್ರೋಲ್ ಬೇರೆ.

ಸ್ವಂತ ಮನೆಯ ಆಸೆ ಇದ್ದರೆ

ಬಾಡಿಗೆಯಲ್ಲಿ ಕಾಣುವ ಅಂತರ ಮನೆ ಕೊಳ್ಳುವಾಗ ಇನ್ನೂ ಹಿಗ್ಗುತ್ತದೆ. ಶೇ. 8.5 ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಪ್ರತಿ ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. 60 ಲಕ್ಷದ ಸಾಲವಾದರೆ ಕಂತು ಸುಮಾರು 52,000, ಒಂದು ಕೋಟಿಯಾದರೆ ಸುಮಾರು 86,800. ಒಂದೇ ಅಳತೆಯ ಮನೆಗೆ ಮುಂಬಯಿಯಲ್ಲಿ 40 ಲಕ್ಷ ಹೆಚ್ಚು ಸಾಲ ಮಾಡಬೇಕಾದರೆ ಇಪ್ಪತ್ತು ವರ್ಷ ತಿಂಗಳಿಗೆ 34,700 ಹೆಚ್ಚು ಕಟ್ಟುತ್ತೀರಿ.

ಸಣ್ಣಪುಟ್ಟ ವಿಷಯಗಳು ಎರಡೂ ಕಡೆಗೆ ವಾಲುತ್ತವೆ. ಮುದ್ರಾಂಕ ಶುಲ್ಕ ಮುಂಬಯಿಯಲ್ಲಿ ಶೇ. 6, ಪುಣೆ ಮತ್ತು ಠಾಣೆಯಲ್ಲಿ ಶೇ. 7. ಮಹಿಳೆಯ ಹೆಸರಿನಲ್ಲಿ ಕೊಂಡರೆ ಒಂದು ಶೇಕಡಾ ಕಡಿಮೆ. ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ 500 ಚದರಡಿವರೆಗಿನ ಮನೆಗೆ 2022ರ ಜನವರಿಯಿಂದ ಆಸ್ತಿ ತೆರಿಗೆ ಮನ್ನಾ. ಪುಣೆಯಲ್ಲಿ ಸ್ವಂತ ವಾಸದ ಮನೆಗೆ ಶೇ. 40 ರಿಯಾಯಿತಿ. ಪುಣೆಯ ಹೊರವಲಯದಲ್ಲಿ ಫ್ಲ್ಯಾಟ್ ನೋಡುವವರು ಬೆಲೆಗಿಂತ ಮೊದಲು ನೀರಿನ ಬಗ್ಗೆ ಕೇಳಿ. ಪಾಲಿಕೆಯ ನೀರು ಸರಿಯಾಗಿ ಬಾರದ ಸೊಸೈಟಿಗಳಲ್ಲಿ ಬೇಸಿಗೆಯ ಟ್ಯಾಂಕರ್ ಖರ್ಚು ಮೆಂಟೆನೆನ್ಸ್ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಸೊಸೈಟಿಯ ಕಳೆದ ಏಪ್ರಿಲ್, ಮೇ ತಿಂಗಳ ಬಿಲ್ಲು ಕೇಳಿ ಪಡೆದರೆ ವಿಷಯ ತಿಳಿಯುತ್ತದೆ.

ಮುಂಬಯಿ ಯಾರಿಗೆ ದುಬಾರಿ?

‘ಮುಂಬಯಿ ದುಬಾರಿ’ ಎನ್ನುವುದು ಸಂಸಾರವಂದಿಗ ಮಧ್ಯಮ ವರ್ಗದವರ ಮಾತು. ಊರಿನಿಂದ ಬರಿಗೈಯಲ್ಲಿ ಬಂದವನಿಗೆ ಅದು ಹಾಗಿರಲಿಲ್ಲ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಉಡುಪಿ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದದ್ದು ಇದೇ ಊರಿನಲ್ಲಿ. ಅವರ ಬಾಡಿಗೆ ಶೂನ್ಯ, ಊಟ ಶೂನ್ಯ, ಓಡಾಟಕ್ಕೆ ಲೋಕಲ್ ಪಾಸ್. ಗಾಡಿ ಇಲ್ಲದೆ ಬದುಕಬಹುದಾದ ಊರು ಬಡವನಿಗೆ ದೊಡ್ಡ ಅನುಕೂಲ. ಇಂದಿಗೂ ಮೊದಲ ಕೆಲಸಕ್ಕೆ ಬರುವ ಒಂಟಿ ಹುಡುಗ, ಹುಡುಗಿಯರು ಮೂರು ನಾಲ್ಕು ಜನ ಸೇರಿ ಮನೆ ಹಿಡಿದರೆ ಮುಂಬಯಿಯಲ್ಲಿ ಉಳಿಸಬಹುದು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಹೊರಟರೂ ಲೋಕಲ್ ಇದೆ. ಮಕ್ಕಳಾಗಿ ಎರಡನೇ ಕೋಣೆ ಬೇಕಾದ ದಿನ ಲೆಕ್ಕ ತಿರುಗುತ್ತದೆ.

ಊರಿಗೆ ಹೋಗುವ ಖರ್ಚನ್ನೂ ಬಿಡಬೇಡಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ ಪುಣೆ ಹತ್ತಿರ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಿಗ್ಗೆ ಅವ್ವನ ಕೈಯ ರೊಟ್ಟಿ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ರೈಲೂ ಇದೆ. ಮಂಗಳೂರು, ಉಡುಪಿ, ಕುಂದಾಪುರದವರಿಗೆ ಕೊಂಕಣ ರೈಲ್ವೆಯಿಂದಾಗಿ ಮುಂಬಯಿಯೇ ಅನುಕೂಲ. ಅಪ್ಪ ಅಮ್ಮನಿಗೆ ವಯಸ್ಸಾದ ಮೇಲೆ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದವರು ಆರು ಸಲ ಹೋಗಬೇಕಾಗುತ್ತದೆ. ನಾಲ್ಕು ಜನರ ಟಿಕೆಟ್, ರಜೆ, ಕೊನೆ ಗಳಿಗೆಯ ತತ್ಕಾಲ್ ಎಲ್ಲ ಸೇರಿದರೆ ಅದು ಸಣ್ಣ ಮೊತ್ತವಲ್ಲ.

ಹಾಳೆಯಲ್ಲಿ ಬರೆಯಬೇಕಾದ ಆರು ಸಾಲು

ಯಾವ ಊರು ಮೇಲು ಎಂದು ಕೇಳಿದವರಿಗೆ ನಾನೀಗ ಊರಿನ ಹೆಸರು ಹೇಳುವುದಿಲ್ಲ. ಆರು ಸಾಲು ಬರೆಯಲು ಹೇಳುತ್ತೇನೆ. ತೆರಿಗೆ ಕಳೆದು ಕೈಗೆ ಬರುವ ಹೆಚ್ಚಳ ಎಷ್ಟು? ಕಚೇರಿಗೆ ನಿಮ್ಮಿಂದ ಸಹಿಸಲಾಗುವಷ್ಟು ದೂರದಲ್ಲಿ ಬಾಡಿಗೆಯ ಅಂತರ ಎಷ್ಟು? ಗಾಡಿಗಳ ಖರ್ಚು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ? ಮನೆಯ ಎರಡನೇ ಸಂಬಳ ಉಳಿಯುತ್ತದೆಯೇ, ನಿಲ್ಲುವುದಾದರೆ ಎಷ್ಟು ತಿಂಗಳು? ತಿಂಗಳಿಗೆ ಎಷ್ಟು ಗಂಟೆ ದಾರಿಯಲ್ಲಿ ಹೋಗುತ್ತದೆ? ಊರಿಗೆ ಹೋಗಿಬರಲು ವರ್ಷಕ್ಕೆ ಎಷ್ಟು?

ಈ ಆರು ಸಾಲನ್ನು ಹೈದರಾಬಾದ್-ಬೆಂಗಳೂರು, ಚೆನ್ನೈ-ಬೆಂಗಳೂರು, ದೆಹಲಿ-ಗುರುಗ್ರಾಮಗಳಿಗೂ ಹಾಕಿ ನೋಡಬಹುದು. ಅಂಕಿ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. ಆದರೆ ಹಾಳೆ ಬರೆಯುವಾಗ ಒಬ್ಬರೇ ಕೂರಬೇಡಿ. ಮನೆಯಲ್ಲಿ ದುಡಿಯುವವರು ಎಷ್ಟು ಜನರೋ ಅಷ್ಟೂ ಜನ ಮೇಜಿನ ಸುತ್ತ ಇರಲಿ, ಹೊಸ ಕಂಪನಿಗೆ ಒಪ್ಪಿಗೆಯ ಮೇಲ್ ಕಳಿಸುವ ಮುಂಚೆ.